ದಿನಕ್ಕೆರಡು ಪುಸ್

ಮನೀಶ್ ನಗರದ ಆ ಶಾಲೆಯಲ್ಲಿ ಹೊಟ್ಟೆ ನೋಯಲಿ, ಮೊಣಕಾಲು ತರಚಲಿ, ಮಕ್ಕಳು ಓಡುವುದು ಪ್ರೇಮಾ ಮೌಶಿಯ ಕೋಣೆಗೇ. ಹುಬ್ಬಳ್ಳಿಯಿಂದ ಮದುವೆಯಾಗಿ ನಾಗಪುರಕ್ಕೆ ಬಂದವಳು, ಇಪ್ಪತ್ತು ವರ್ಷದಿಂದ ಅಲ್ಲಿ ಆಯಾ, ಮರಾಠಿ ಮಕ್ಕಳ ಬಾಯಲ್ಲಿ ಮೌಶಿ, ಅಂದರೆ ಚಿಕ್ಕಮ್ಮ. ಕೆಲಸದಲ್ಲಿ ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಖಂಡೆನವಮಿಯ ಆಯುಧಪೂಜೆಗೆ ಕತ್ತರಿ, ಥರ್ಮಾಮೀಟರುಗಳ ಪಕ್ಕ ಅಸ್ತಮಾ ಮಕ್ಕಳ ಇನ್ಹೇಲರ್ ಪಂಪುಗಳನ್ನೂ ಇಟ್ಟು ಹೂವೇರಿಸುವವಳು! ನಗಬೇಡಿ. ಮಗುವಿನ ಉಸಿರು ಕಾಯುವುದು ಆಯುಧವಲ್ಲದೆ ಇನ್ನೇನು?

ಈ ಅಚ್ಚುಕಟ್ಟೇ ಅವಳಿಗೆ ಮುಳುವಾಯಿತು ನೋಡಿ. ನಾಲ್ಕನೆಯ ತರಗತಿಯ ನಿಕಿತಾಳ ತಾಯಿ ಶ್ರೀಲಕ್ಷ್ಮಿ ಧಾರವಾಡದವಳು. ಜೂನ್ ಕೊನೆಗೆ ಶಾಲೆ ತೆರೆದಾಗ ಹೊಸ ಪಂಪು ತಂದುಕೊಟ್ಟು, "ಅಕ್ಕಾ, ನಿಮ್ಮನ್ನ ನಂಬೀನ್ರಿ" ಅಂದಿದ್ದಳು. ನಂಬಿ ಕೊಟ್ಟದ್ದು ಹೊತ್ತಿಗೆ ಕೈಕೊಟ್ಟರೆ ಏನು ಗತಿ? ಅದಕ್ಕೇ ಪ್ರೇಮಾ ದಿನಾ ಪ್ರಾರ್ಥನೆಯ ಗಂಟೆ ಬಾರಿಸಿದೊಡನೆ ಪಂಪನ್ನು ಗಾಳಿಗೆ ಹಿಡಿದು ಎರಡು ಸಲ ಒತ್ತುವಳು. ಪುಸ್, ಪುಸ್. ಬರೋಬರ್ ಐತಿ ಎಂದು ಮುಚ್ಚಿ ಒಳಗಿಡುವಳು.

ಡಿಸೆಂಬರಿನ ಚಳಿಯಲ್ಲಿ ಕ್ರೀಡಾಕೂಟದ ಅಭ್ಯಾಸ ನಡೆದಿತ್ತು. ಯಾವನೋ ಪುಣ್ಯಾತ್ಮ ಮೈದಾನದ ಮೂಲೆಯಲ್ಲಿ ತರಗೆಲೆಗೆ ಬೆಂಕಿ ಹಚ್ಚಿದ್ದ. ಹೊಗೆ ಕುಡಿದ ನಿಕಿತಾಳನ್ನು ಟೀಚರು ಎತ್ತಿಕೊಂಡು ಬಂದರು. ಎದೆ ಸುಂಯ್‌ಗುಡುತ್ತಿತ್ತು, ಒಂದೊಂದು ಉಸಿರಿಗೂ ಪಕ್ಕೆ ಒಳಸೇರುತ್ತಿತ್ತು.

"ಗಾಬ್ರಿ ಆಗಬ್ಯಾಡ ಬಂಗಾರಾ, ನೆಟ್ಟಗ ಕುಂದ್ರು. ಹಗೂರಕ ಉಸಿರ ತಗೋ."

ಪ್ರೇಮಾ ಪಂಪು ಅಲುಗಾಡಿಸಿ, ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ ಒತ್ತಿದಳು. ಪುಸ್ ಎಂದಿತು. ಮತ್ತೆ ಒತ್ತಿದಳು. ನಾಲ್ಕಾಯಿತು, ಆರಾಯಿತು, ಉಸಿರು ಇಳಿಯಲೊಲ್ಲದು. ಮಗುವಿನ ತುಟಿ ಬಣ್ಣಗೆಡತೊಡಗಿತು. ಕಪಾಟಿನಲ್ಲಿ ಇನ್ನೊಬ್ಬ ಅಸ್ತಮಾ ಹುಡುಗ ಗೌತಮನ ಪಂಪಿತ್ತು. ಹಿಂದಿನ ದಿನವಷ್ಟೇ ಬಂದದ್ದು, ಅದೇ ಔಷಧ. ಒಬ್ಬರ ಮದ್ದು ಇನ್ನೊಬ್ಬರಿಗೆ ಕೊಡಕೂಡದೆಂಬುದು ಶಾಲೆಯ ಕಟ್ಟಪ್ಪಣೆ. ಅಪ್ಪಣೆ ಹಾಳಾಗಲಿ! ಔಷಧದ ಹೆಸರನ್ನು ಎರಡು ಸಲ ಓದಿ ಅದನ್ನೇ ಸಿಕ್ಕಿಸಿದಳು. ಡಾಕ್ಟರ್ ಬರುವ ಹೊತ್ತಿಗೆ ಹುಡುಗಿ ನೀರು ಕೇಳುತ್ತಿದ್ದಳು.

ಡಾಕ್ಟರ್ ಕೃಷ್ಣಪ್ರಸಾದ ಮೈಸೂರಿನವರು. ಮಗುವಿನ ಎದೆ ಪರೀಕ್ಷಿಸಿ, ನಿಕಿತಾಳ ಪಂಪನ್ನು ಕೈಯಲ್ಲಿ ತೂಗಿ ನೋಡಿದರು. "ಇದು ಖಾಲಿಯಾಗಿದೆ. ಇರೋದೇ ಇನ್ನೂರು ಸಲಕ್ಕಾಗುವಷ್ಟು. ಔಷಧಿ ಮುಗಿದ ಮೇಲೂ ಬರೀ ಗ್ಯಾಸ್ ಬರ್ತಿರುತ್ತೆ. ಹಳೇದು ಕಳಿಸಿಬಿಟ್ರಾ ಅಮ್ಮಾ?"

ಓಡೋಡಿ ಬಂದಿದ್ದ ಶ್ರೀಲಕ್ಷ್ಮಿ ಕುಸಿದು ಕೂತಳು. "ಹೊಸಾದ ಕೊಟ್ಟಿದ್ನಲ್ರೀ... ಮನ್ಯಾಗಿನ ಹಳೇದು ಬಂತೇನೋ. ನಾ ಎಂಥಾ ತಾಯಿ!"

ಪ್ರೇಮಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ದಿನಕ್ಕೆರಡು ಪುಸ್, ನೂರು ದಿನ. ಯಾರೂ ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಆ ತಾಯಿ ತನ್ನನ್ನೇ ಬೈದುಕೊಳ್ಳುವುದನ್ನು ನೋಡುತ್ತಾ ನಿಲ್ಲುವುದು ಹೇಗೆ?

"ತಂಗೀ, ತಪ್ಪ ನಂದು. ನಡೀತೈತೋ ಇಲ್ಲೋ ನೋಡಾಕಂತ ದಿನಾ ಗಾಳಿಗೆ ಒತ್ತಿ ಒತ್ತಿ ನಾನ ಖಾಲಿ ಮಾಡೀನಿ."

"ಗಾಳಿಗೆ? ದಿನಾ?" ಶ್ರೀಲಕ್ಷ್ಮಿ ಎದ್ದುನಿಂತಳು. "ನನ್ನ ಮಗಳಿಗೆ ಏನಾರ ಆಗಿದ್ರ ಏನ್ ಮಾಡ್ತಿದ್ರಿ?"

ಮಗಳನ್ನು ತಬ್ಬಿಕೊಂಡು ಶ್ರೀಲಕ್ಷ್ಮಿ ತಿರುಗಿ ನೋಡದೆ ಹೋದಳು.

ಮೂರು ದಿನ ಪ್ರೇಮಾಗೆ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಶ್ರೀಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹೊಸ ಪಂಪಿನ ಸೀಲು ಒಡೆಯದ ಡಬ್ಬಿ.

"ಆಫೀಸಿನ್ಯಾಗ ಇಡ್ತೀವಿ ಅಂದ್ರು ಹೆಡ್‌ಮೇಡಂ. ನಾ ಬ್ಯಾಡ ಅಂದೆ." ಅವಳ ಮುಖದಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ನೀವು ಸುಮ್ಮನಿದ್ದಿದ್ರ ನಾ ಜನ್ಮಪೂರ್ತಿ ನನ್ನನ್ನ ಬೈಕೊಂತಿದ್ದೆ. ಅಕ್ಕಾ, ಇದು ನಿಮ್ಮ ಕೈಯಾಗ ಇರ್ಲಿ."