ಮಾರ್ಜ್ ನೋಡದೆ ಹೋದ ಮೂರು ಸುತ್ತು

ಕಾರಿನ ಓಟ ನೋಡುವುದಕ್ಕೆ ಯಾರಾದರೂ ದಿಂಬು, ಹೊದಿಕೆ, ಹಲ್ಲುಜ್ಜುವ ಬ್ರಷ್ಷು ಜೋಡಿಸಿಟ್ಟುಕೊಂಡು ಕೂರುತ್ತಾರೆಯೇ? ಅಮೆರಿಕದ ಮಿಷಿಗನ್ನಿನ ಲಿವೋನಿಯಾಕ್ಕೆ ಬಂದ ಎರಡನೆಯ ವಾರ, ಜನವರಿಯ ಒಂದು ಶನಿವಾರ ಮಧ್ಯಾಹ್ನ, ಪಕ್ಕದ ಮನೆಯ ಗ್ಯಾರೇಜಿನಲ್ಲಿ ನಾನು ಕಂಡದ್ದು ಅದನ್ನೇ. ಅವರ ಪಾರ್ಸೆಲ್ಲೊಂದು ತಪ್ಪಿ ನಮ್ಮ ಬಾಗಿಲಿಗೆ ಬಂದಿತ್ತು, ಕೊಡಲು ಹೋಗಿದ್ದೆ. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಹೀಟರು, ಗೋಡೆಯ ಮೇಲೆ ದೊಡ್ಡ ಟಿವಿ, ಮಡಚುವ ಕುರ್ಚಿಗಳಲ್ಲಿ ಕೂತ ಇಬ್ಬರು ವಯಸ್ಸಾದವರು.

"ಇನ್ನೂ ಇಪ್ಪತ್ತೆರಡು ಗಂಟೆ ಇದೆ, ಕೂತ್ಕೋ ಹನಿ," ಎಂದರು ಆ ಹೆಂಗಸು. ಹನಿ ಎಂದರೆ ಇಲ್ಲಿ ಚಿನ್ನ ಎಂದ ಹಾಗೆ. ಇಪ್ಪತ್ತನಾಲ್ಕು ಗಂಟೆಯ ಓಟ, ಕಾರುಗಳು ಹಗಲೂ ರಾತ್ರಿ ಸುತ್ತುತ್ತಲೇ ಇರುತ್ತವಂತೆ. ನನಗೆ ಗಾಬರಿಯಾಗಿ ನಿಂತೇ ಇದ್ದೆ.

ಆಕೆಯೇ ಮಾರ್ಜ್. ಎಂಜಿನ್ನಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಜೊತೆಯಲ್ಲಿದ್ದವರು ಅವರ ತಮ್ಮ ವಾಲ್ಟ್. ಎರಡು ಬೀದಿ ಆಚೆ ಮನೆ, ಕಿವಿ ಸ್ವಲ್ಪ ಮಂದ, ಆದ್ದರಿಂದ ಮಾತು ಬಲು ಜೋರು. (ಅವರ ಇಂಗ್ಲಿಷನ್ನೆಲ್ಲ ನನ್ನ ಮೈಸೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಅದಕ್ಕೆ ಮೊದಲು ಏಳು ವರ್ಷ ನಾವು ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನಲ್ಲಿದ್ದೆವು. ಅಲ್ಲಿ ಒಂದೇ ಮೆಟ್ಟಿಲ ಸಾಲಿಗೆ ನಾಲ್ಕು ಕನ್ನಡದ ಮನೆ. ಕರಿಬೇವು ಮುಗಿದರೆ ಚಪ್ಪಲಿ ಹಾಕಿಕೊಳ್ಳದೆ ಹೋಗಿ ತರಬಹುದಿತ್ತು. ನನ್ನವರಿಗೆ ಡಿಯರ್‌ಬಾರ್ನ್‌ನಲ್ಲಿ ಕೆಲಸ ಸಿಕ್ಕು ಲಿವೋನಿಯಾಕ್ಕೆ ಬಂದ ಮೇಲೆ ಮನೆ ದೊಡ್ಡದಾಯಿತು, ಮಾತು ಸಣ್ಣದಾಯಿತು. ಏಳಕ್ಕೆ ಅವರ ಕಾರು ಹೋಗುತ್ತಿತ್ತು, ಎಂಟಕ್ಕೆ ಮಗಳು ಅದಿತಿಯ ಹಳದಿ ಬಸ್ಸು. ಆಮೇಲೆ ನೆಲಮಾಳಿಗೆಯ ಫರ್ನೇಸು, ಅಂದರೆ ಮನೆ ಬಿಸಿ ಮಾಡುವ ಯಂತ್ರ, ಗುರ್ರೆಂದು ಶುರುವಾಗುವುದು, ನಿಲ್ಲುವುದು. ಅದೊಂದೇ ಸಂಗಾತಿ. ಹಾಗಾಗಿ ಮಾರ್ಜ್ ಮತ್ತೆ ಕರೆದಾಗ ಹೋದೆ. ಮೂರನೆಯ ಸಲ ಕರೆಯದೆಯೂ ಹೋದೆ.

ಆಟ ಅರ್ಥವಾಗಲು ಒಂದು ಬೇಸಿಗೆ ಹಿಡಿಯಿತು. ಅತಿ ವೇಗದ ಕಾರುಗಳೂ, ನಿಧಾನದವೂ ಒಂದೇ ರಸ್ತೆಯಲ್ಲಿ ಒಟ್ಟಿಗೆ ಓಡುತ್ತವೆ. ಪ್ರತಿ ದರ್ಜೆಗೂ ಬೇರೆಯೇ ಗೆಲುವು. ನಮ್ಮ ಸಯ್ಯಾಜಿರಾವ್ ರಸ್ತೆಯಲ್ಲಿ ಬಸ್ಸು, ಆಟೋ, ಸೈಕಲ್ಲು ಎಲ್ಲ ಒಟ್ಟಿಗೆ ಹೋಗಿ ಎಲ್ಲರೂ ಅವರವರ ಮನೆ ಮುಟ್ಟುವ ಹಾಗೆ. ಒಂದೇ ಕಾರನ್ನು ಇಬ್ಬರು ಮೂವರು ಸರದಿಯಲ್ಲಿ ಓಡಿಸುತ್ತಾರೆ. ಪಿಟ್ ಎಂಬ ಕಡೆ ನಿಲ್ಲಿಸಿ ಪೆಟ್ರೋಲು, ಟೈರು ಹಾಕುವಾಗ ಒಬ್ಬ ಇಳಿದು ಇನ್ನೊಬ್ಬ ಹತ್ತುವುದು. ಇಳಿದವನು ತಕ್ಷಣ ಓಡಿಹೋಗುವುದಿಲ್ಲ; ಬಗ್ಗಿ, ಹತ್ತಿದವನ ಬೆಲ್ಟು ತಾನೇ ಕಟ್ಟಿ, ಭುಜ ತಟ್ಟುತ್ತಾನೆ. ನನಗೆ ಇಷ್ಟವಾದದ್ದು ಆ ಭುಜ ತಟ್ಟುವುದು.

ಆದರೆ ಗ್ಯಾರೇಜಿನಲ್ಲಿ ನಿಜವಾದ ಆಟ ಜಗಳದ್ದು. ಅಮೆರಿಕದ ಈ ಸ್ಪೋರ್ಟ್ಸ್ ಕಾರ್ ರೇಸಿಂಗ್ ಉದ್ಧಾರವಾಗುತ್ತಿದೆಯೋ ಹಾಳಾಗುತ್ತಿದೆಯೋ ಎನ್ನುವುದೇ ಪ್ರತಿ ವಾರದ ವಿಷಯ. ನನ್ನವರ ಆಫೀಸಿನ ಬಸವರಾಜ್ ಧಾರವಾಡದವರು, ರೇಸಿನ ಹುಚ್ಚರು. ನನ್ನ ಮೂಲಕವೇ ಅವರೂ ಅಲ್ಲಿಗೆ ಸೇರಿಕೊಂಡರು.

"ಗೆದ್ದ ಕಾರಿಗೆ ತೂಕ ಹೇರ್ತಾರೆ, ಎಂಜಿನ್ ಶಕ್ತಿ ಕಡಿಮೆ ಮಾಡ್ತಾರೆ!" ವಾಲ್ಟ್ ಕೂಗುತ್ತಿದ್ದರು. "ಚೆನ್ನಾಗಿ ಓದೋ ಹುಡುಗನ ಪೆನ್ಸಿಲ್ ಮುರಿದು ಪರೀಕ್ಷೆಗೆ ಕೂರಿಸಿದ ಹಾಗೆ. ಇದೂ ಒಂದು ರೇಸಾ?"

ಬಸವರಾಜ್ ವಾಲ್ಟ್‌ಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ನನ್ನ ಕಡೆ ತಿರುಗಿ ಅದನ್ನೇ ಇನ್ನಷ್ಟು ಖಾರ ಹಾಕಿ ಹೇಳುತ್ತಿದ್ದರು. ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ. "ಈ ಮುದುಕಾ ಹೇಳೋದು ಕೇಳಬ್ಯಾಡ್ರಿ ವೈನಿ. ತೂಕ ಹಾಕಲಿಲ್ಲಂದ್ರ ಒಂದೇ ಕಂಪನಿ ಗೆಲ್ಲತೈತಿ, ಉಳಿದವ್ರು ಗಂಟುಮೂಟಿ ಕಟ್ಟತಾರ. ಆಮ್ಯಾಲ ಇವ್ರು ಖಾಲಿ ರಸ್ತಾ ನೋಡ್ಕೋತ ಕುಂದರಬೇಕು."

"ನಿಮ್ಮಿಬ್ಬರಿಗೂ ದೊಡ್ಡ ಕಂಪನಿಗಳದ್ದೇ ಚಿಂತೆ," ಎನ್ನುತ್ತಿದ್ದರು ಮಾರ್ಜ್. "ಮನೆಮಂದಿ ಸೇರಿ ಕಾರು ಓಡಿಸ್ತಿದ್ರಲ್ಲ, ಅವರೆಲ್ಲ ಎಲ್ಲಿ ಹೋದ್ರು? ಅದನ್ನ ಯಾರೂ ಕೇಳಲ್ಲ."

ಅಂಥ ಒಂದು ತಂಡ ಮಾರ್ಜ್‌ಗೆ ಪ್ರಾಣ. ಮಿಷಿಗನ್ನಿನದೇ ಒಂದು ಕುಟುಂಬ: ಅಪ್ಪ, ಎರಡು ಹೆಣ್ಣುಮಕ್ಕಳು, ಟೈರಂಗಡಿಯ ಹಿಂದೊಂದು ಶೆಡ್ಡು, ಹಸಿರು ಬಣ್ಣದ ಕಾರು. ದೊಡ್ಡ ಮಗಳು ಕಾರು ಓಡಿಸುತ್ತಿದ್ದಳು. ಆ ಕಾರು ಗೆದ್ದದ್ದು ನಾನು ನೋಡಲಿಲ್ಲ, ಆದರೆ ಅದು ತೆರೆಯ ಮೇಲೆ ಬಂದಾಗಲೆಲ್ಲ ಮಾರ್ಜ್ ಕೈಲಿದ್ದ ಲೋಟ ಕೆಳಗಿಡುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಆ ಕುಟುಂಬ ಇನ್ನು ಸಾಕು ಎಂದಿತು. ಕೊನೆಯ ಓಟ ವಿಸ್ಕಾನ್ಸಿನ್ನಿನ ಕಾಡಿನ ನಡುವಿನ ಟ್ರ್ಯಾಕಿನಲ್ಲಿ. ಬೋಲಿಂಗ್‌ಬ್ರೂಕ್‌ನಿಂದ ಉತ್ತರಕ್ಕೆ ಸುಮಾರು ಮೂರು ತಾಸು.

ವಾಲ್ಟ್‌ಗೆ ಮಂಡಿಯ ಆಪರೇಷನ್ ಆಗಿತ್ತು, ಬಸವರಾಜ್ ಧಾರವಾಡಕ್ಕೆ ಹೋಗಿದ್ದರು. ಮಾರ್ಜ್ ನನ್ನನ್ನು ಕೇಳಿದರು. "ಆ ವಾರ ನೀವು ಹೇಗೂ ಬೋಲಿಂಗ್‌ಬ್ರೂಕ್‌ಗೆ ಹೋಗ್ತೀರಲ್ಲ, ಭಾನುವಾರ ಬೆಳಗ್ಗೆ ಗೇಟಿನ ಹತ್ತಿರ ಸಿಗ್ತೀಯಾ? ನಿಮ್ಮ ಮೂವರ ಪಾಸು ನಾನೇ ಇಟ್ಕೊಂಡಿರ್ತೀನಿ."

ನಾವು ಹೋಗುತ್ತಿದ್ದದ್ದು ಗೆಳತಿ ವಿಜಯಾ ಮನೆಯ ಶ್ರಾವಣದ ಸತ್ಯನಾರಾಯಣ ಪೂಜೆಗೆ. ಅದೂ ಭಾನುವಾರವೇ. ನಾನು, "ಓ, ಖಂಡಿತ ಬರ್ತೀವಿ!" ಎಂದೆ.

ಓದುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯ ಕರೆಯೋಲೆ ಕೈಯಲ್ಲಿಟ್ಟು, ಕುಂಕುಮ ಕೊಟ್ಟು "ಬರಲೇಬೇಕು" ಎಂದವರಿಗೆ ನಾವು ಯಾರು ತಾನೇ "ಇಲ್ಲ, ಆಗುವುದಿಲ್ಲ" ಎಂದಿದ್ದೇವೆ? ಖಂಡಿತ ಎನ್ನುತ್ತೇವೆ. ಕರೆದವರಿಗೂ ಗೊತ್ತಿರುತ್ತದೆ. ಕರೆದವರ ಮನಸ್ಸು ನೋಯಿಸಬಾರದೆಂದು ಮನೆಯಲ್ಲಿ ಅಜ್ಜಿ ಹೇಳುತ್ತಿದ್ದರು, ಕಾನ್ವೆಂಟಿನಲ್ಲಿ ಸಿಸ್ಟರೂ ಅದನ್ನೇ ಹೇಳಿಕೊಟ್ಟಿದ್ದರು.

"ಪೂಜೆ ದಿನ ಅದು ಹೇಗಾಗತ್ತೆ?" ಎಂದರು ನನ್ನವರು.

"ಅಯ್ಯೋ, ಮಾತಿಗೆ ಹೇಳಿದ್ದು ರೀ. ಅವರಿಗೂ ಗೊತ್ತಿರತ್ತೆ."

ಗುರುವಾರ ಬೇಲಿಯಾಚೆಯಿಂದ ಮಾರ್ಜ್ ಮತ್ತೊಮ್ಮೆ ಕೇಳಿದರು: "ಬರ್ತೀರಿ ತಾನೆ?" ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಪೈಪಿತ್ತು, ನೀರು ಅವರ ಚಪ್ಪಲಿಯ ಮೇಲೇ ಸುರಿಯುತ್ತಿತ್ತು. "ಶೂರ್, ಶೂರ್," ಎಂದೆ.

ಭಾನುವಾರ ವಿಜಯಾ ಮನೆಯಲ್ಲಿ ನಲವತ್ತು ಜನ. ಎಲ್ಲರ ಕೈಚೀಲ ಮಲಗುವ ಕೋಣೆಯ ಮಂಚದ ಮೇಲೆ. ನನ್ನ ಫೋನೂ ಅದರೊಳಗೆ. ಕಥೆ ಕೇಳಿ, ಮಂಗಳಾರತಿಯಾಗಿ, ಎಲೆಯ ಮೇಲೆ ಪುಳಿಯೋಗರೆ ಬಡಿಸಿ, ಕೈ ತೊಳೆದು ಬಂದು ನೋಡಿದರೆ ಮಾರ್ಜ್ ಅವರ ನಾಲ್ಕು ಮೆಸೇಜು.

ನಾಲ್ಕನೇ ಗೇಟು. ಕೆಂಪು ಟೋಪಿ ಹಾಕಿದೀನಿ.

ಶುರುವಾಗಕ್ಕೆ ಹತ್ತು ನಿಮಿಷ. ಅವಸರ ಬೇಡ, ಕಾಯ್ತೀನಿ.

ಹಸಿರು ಬಾವುಟ ಬೀಸಿದ್ರು, ಶುರುವಾಯ್ತು. ಇಲ್ಲಿಂದ ಸದ್ದು ಕೇಳ್ತಿದೆ.

ನೀವೆಲ್ಲ ಕ್ಷೇಮ ತಾನೆ? ದಾರೀಲಿ ಏನೂ ಆಗಿಲ್ಲ ತಾನೆ?

ನಾನು ಮಂಚದ ಅಂಚಿನಲ್ಲಿ ಕೂತೆ. ಕ್ಷೇಮವಾಗಿದ್ದೇವೆಂದು ಬರೆದು, ಕ್ಷಮಿಸಿ ಎಂದೂ ಬರೆದೆ. "ಥ್ಯಾಂಕ್ ಗಾಡ್" ಎಂದಷ್ಟೇ ಬಂತು. ಹಸಿರು ಕಾರು ಮೂರನೆಯ ಸುತ್ತಿನಲ್ಲಿ ಯಾರದೋ ಡಿಕ್ಕಿಗೆ ಸಿಕ್ಕಿ, ಚಕ್ರ ಮುರಿದು ನಿಂತುಹೋಗಿತ್ತು. ಓಡಿಸುತ್ತಿದ್ದವಳಿಗೆ ಪೆಟ್ಟಾಗಲಿಲ್ಲ. ಆದರೆ ಅದು ಕೊನೆಯ ಸಲ ಓಡಿದ ಆ ಮೂರು ಸುತ್ತು ಮಾರ್ಜ್ ನಮಗಾಗಿ ಗೇಟಿನ ಹೊರಗೆ ನಿಂತಿದ್ದರು. ಇದನ್ನು ನನಗೆ ಹೇಳಿದವರು ವಾಲ್ಟ್, ಮಾರ್ಜ್ ಹೇಳಲಿಲ್ಲ.

ಸೋಮವಾರ ಸ್ಟೀಲ್ ಡಬ್ಬಿಯಲ್ಲಿ ಪ್ರಸಾದದ ಸಜ್ಜಿಗೆ ತೆಗೆದುಕೊಂಡು ಹೋದೆ. ಮಾರ್ಜ್ ಒಂದು ಚಮಚ ತಿಂದು, "ಚೆನ್ನಾಗಿದೆ," ಎಂದರು. ನಾನು ನಮ್ಮ ಕಡೆಯ ಪದ್ಧತಿಯನ್ನೆಲ್ಲ ವಿವರಿಸಿದೆ, ಅದು ಸುಳ್ಳಲ್ಲ, ಮರ್ಯಾದೆ ಎಂದೆ. ಅವರು ಗಮನವಿಟ್ಟು ಕೇಳಿದರು, ತಪಾಸಣೆಯ ಕೆಲಸ ಮಾಡಿದವರಲ್ಲವೇ.

"ಕೋಪ ಇಲ್ಲ ಹನಿ," ಎಂದರು. "ಆದರೆ ನೀನು ನಿಜವಾಗಿ ಬರ್ತೀನಿ ಅನ್ನೋವಾಗ ಏನಂತ ಹೇಳ್ತೀಯ?"

ಯೋಚಿಸಿದೆ. ಆಗಲೂ ಖಂಡಿತ ಎಂದೇ ಹೇಳುತ್ತೇವೆ. ಮಾರ್ಜ್ ಸಜ್ಜಿಗೆಯನ್ನು ಬೇರೆ ಬಟ್ಟಲಿಗೆ ಹಾಕಿಕೊಂಡು, ಡಬ್ಬಿ ತೊಳೆದು, ಒರೆಸಿ, ಮುಚ್ಚಳ ಹಾಕಿ ಅಲ್ಲೇ ನನ್ನ ಕೈಗೆ ಕೊಟ್ಟರು.

ಅಂದಿನಿಂದ ಏನೂ ಕೆಟ್ಟಿಲ್ಲ. ಕೈ ಬೀಸುತ್ತಾರೆ, ಅದಿತಿಯ ಓದಿನ ಬಗ್ಗೆ ಕೇಳುತ್ತಾರೆ. ಕರೆಯುವುದಿಲ್ಲ, ಅಷ್ಟೇ.

"ಇಲ್ಲಿ ಮಂದಿಗೆ ಹೂಂ ಅಂದ್ರ ಹೂಂ ವೈನಿ," ಎಂದರು ಊರಿಂದ ಮರಳಿದ ಬಸವರಾಜ್. "ಆಗಲ್ಲಂದ್ರ ಆಗಲ್ಲ ಅನ್ನೋದು ಕಲೀರಿ."

ಕಲಿತೆ. ದಸರಾ ಬೊಂಬೆಗೆ ಬಾ ಎಂದು ವಿಜಯಾ ಫೋನ್ ಮಾಡಿದಾಗ, "ಇಲ್ಲ ವಿಜಯಾ, ಈ ಸಲ ಆಗಲ್ಲ, ಅದಿತಿಗೆ ಪರೀಕ್ಷೆ ಇದೆ," ಎಂದೆ. ಹೇಳಿ ನಿರಾಳವಾಗಿ ಉಸಿರು ಬಿಟ್ಟೆ.

"ನೋಡೋಣ ಅಂತಾನಾದ್ರೂ ಅನ್ನಬಾರದಾ, ಸುಮಾ?" ಎಂದಳು ಅವಳು. "ಹೀಗೆ ಮುಖಕ್ಕೆ ಹೊಡೆದ ಹಾಗೆ... ಲಿವೋನಿಯಾದವಳೇ ಆಗಿಬಿಟ್ಟೆ ನೀನು."

ಅದೇ ವಾರ ಆ ವರ್ಷದ ಕೊನೆಯ ರೇಸು. ಮಾರ್ಜ್ ಗ್ಯಾರೇಜಿಗೆ ಹೋಗುವ ದಾರಿಯಲ್ಲಿ ಬಸವರಾಜ್ ನಮ್ಮ ಬಾಗಿಲಲ್ಲಿ ನಿಂತರು. "ಬರಾಂಗಿಲ್ಲೇನ್ರಿ ವೈನಿ?"

"ಅವರು ಕರೆದಿಲ್ಲ."

"ಕರಿಯಾಕ ಇದೇನ್ ಮದುವಿ ಏನ್ರೀ?"

ನಕ್ಕೆ. ಹೋಗಲಿಲ್ಲ. ಮನೆಯಲ್ಲೇ ಟಿವಿ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಬರುವ ಚಿತ್ರ ನಮ್ಮದು, ಮಾರ್ಜ್ ಅವರ ಟಿವಿಗಿಂತ ಅರ್ಧ ನಿಮಿಷ ಹಿಂದೆ. ಹೊರಗೆ ಬಿಸಿಲಿತ್ತು, ಗ್ಯಾರೇಜಿನ ಬಾಗಿಲು ತೆರೆದಿತ್ತು. ವಾಲ್ಟ್ ಹೋ ಎಂದು ಕೂಗಿದರು, ಮಾರ್ಜ್ ಚಪ್ಪಾಳೆ ತಟ್ಟಿದರು. ನನ್ನ ತೆರೆಯ ಮೇಲೆ ಎರಡು ಕಾರು ಒಂದರ ಹಿಂದೊಂದು ಸುಮ್ಮನೆ ಹೋಗುತ್ತಿದ್ದವು, ಇನ್ನೂ ಏನೂ ಆಗಿರಲಿಲ್ಲ.

"ಅಮ್ಮ, ವೈ ಆರ್ ವಿ ವಾಚಿಂಗ್ ಹಿಯರ್?" ಎಂದಳು ಅದಿತಿ ಪುಸ್ತಕದಿಂದ ತಲೆಯೆತ್ತಿ.

ನಾನು ಹಿಂದಿನ ಕಾರು ಮುಂದೆ ಬರುವುದನ್ನು ಕಾಯುತ್ತಾ ಕೂತಿದ್ದೆ.