ಕೆಂಪು ಯಾವುದು, ಹಸಿರು ಯಾವುದು

ಭೀಮಾಶಂಕರ ಹುಮನಾಬಾದ್ ಕಡೆಯ ಬಡಿಗ. ಹತ್ತೊಂಬತ್ತನೇ ವಯಸ್ಸಿನಲ್ಲಿ ರೈಲ್ವೆ ಕೆಲಸಕ್ಕೆ ಪರೀಕ್ಷೆ ಬರೆದು ಪಾಸಾಗಿದ್ದ. ಕಣ್ಣಿನ ತಪಾಸಣೆಯಲ್ಲಿ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಒಳಗಿನ ಅಂಕಿ ಓದು ಅಂದರು. ಅವನಿಗೆ ಚುಕ್ಕಿಗಳ ಹೊರತು ಏನೂ ಕಾಣಲಿಲ್ಲ. ಕೆಂಪು, ಹಸಿರು ಬೇರೆ ಮಾಡಲಾರದ ಕಣ್ಣು ಎಂದು ವಾಪಸು ಕಳಿಸಿದರು. ಮನೆಯಲ್ಲಿ ಎತ್ತರ ಸಾಲಲಿಲ್ಲ ಎಂದು ಸುಳ್ಳು ಹೇಳಿ ಹೈದರಾಬಾದಿನ ಬಸ್ಸು ಹತ್ತಿದ. ಆಮೇಲೆ ಮದುವೆಯಾದ ಗಂಗಾಳಿಗೂ ನಿಜ ಹೇಳಲಿಲ್ಲ.

ಅಲ್ಲಿ ಹಿಡಿದ ಮರದ ಕೆಲಸಕ್ಕೆ ಅದೇನೂ ತೊಡಕಾಗಲಿಲ್ಲ. ತೇಗವನ್ನು ಮೂಗಿನಿಂದಲೇ ಗುರುತು ಹಿಡಿಯಬಹುದು. ಆದರೆ ಐಟಿ ಕಂಪನಿಗಳು ಬಂದು, ಕೊಂಡಾಪುರದ ಬಂಡೆ ಒಡೆದು ಅಪಾರ್ಟ್‌ಮೆಂಟು ಎದ್ದ ಮೇಲೆ ಜನಕ್ಕೆ ಅಡುಗೆಮನೆಯಲ್ಲಿ ಕಣ್ಣು ಕೋರೈಸುವ ಬಣ್ಣದ ಸನ್ಮೈಕಾ ಹಾಳೆ ಬೇಕಾಯಿತು. ಹಾಳೆಯ ಹಿಂದಿನ ನಂಬರು ನೋಡಿ, ಅಂಟಿಸುವ ಮೊದಲೇ ಹಲಗೆಯ ಅಂಚಿಗೆ ಪೆನ್ಸಿಲಿನಲ್ಲಿ 'ಕೆ', 'ಹ' ಎಂದು ಬರೆದುಕೊಂಡು ಭೀಮಾಶಂಕರ ಹೇಗೋ ಪಾರಾಗುತ್ತಿದ್ದ.

ಮೈಸೂರಿನ ನಳಿನಿ ಸಾಫ್ಟ್‌ವೇರಿನವಳು. ತನ್ನ ಹೊಸ ಫ್ಲ್ಯಾಟಿನ ಅಡುಗೆಮನೆಯನ್ನು ತಾನೇ ಗ್ರಾಫ್ ಹಾಳೆಯ ಮೇಲೆ ಬಿಡಿಸಿ ತಂದಿದ್ದಳು. ಒಂದೇ ಅಳತೆಯ ಹದಿನಾರು ಕಪಾಟಿನ ಬಾಗಿಲು. ಒಂಬತ್ತು ಒಣಮೆಣಸಿನಕಾಯಿ ಕೆಂಪು, ಏಳು ಹಸಿಮೆಣಸಿನಕಾಯಿ ಹಸಿರು, ಅವಳ ಮನಸ್ಸಿಗೆ ತೋಚಿದ ಕಡೆ.

"ಮೇಡಂ, ಸನ್ಮೈಕಾದ ನಂಬರ್ ಹಾಕಿ ಕೊಡ್ರಿ," ಅಂದ.

"ನಂಬರ್ ಯಾಕೆ? ಬಣ್ಣ ಹಚ್ಚಿದೀನಲ್ಲ, ನೋಡಿದ್ರೇ ಗೊತ್ತಾಗುತ್ತೆ."

ಭೀಮಾಶಂಕರ ಹಾಳೆ ಮಡಚಿ ಜೇಬಿಗಿಟ್ಟ. ಆ ಸಂಜೆ ಚಹಾದ ಅಂಗಡಿಯವನಿಗೆ, ಚಷ್ಮಾ ಮರೆತು ಬಂದೀನಿ ಎಂದು ನೆಪ ಹೇಳಿ ಹಾಳೆಯ ಪ್ರತಿ ಚೌಕದ ಬಣ್ಣ ಕೇಳಿ ಬರೆದುಕೊಂಡ.

ಹದಿನಾರೂ ಬಾಗಿಲು ಸಿದ್ಧವಾದವು. ಭೀಮಾಶಂಕರ ಬಾಗಿಲಿನ ತಿರುಗಣಿ ತರಲು ಮೆಹದಿಪಟ್ನಂಗೆ ಹೋಗಿ ಬರುವಷ್ಟರಲ್ಲಿ ಜೊತೆಗಾರ ಸೋಮಣ್ಣ ಉತ್ಸಾಹದಿಂದ ಎದುರು ಬಂದ. "ಅಣ್ಣಾ, ನೀ ಬರೂದ್ರಾಗ ಎಲ್ಲಾ ಅಂಚಿಗೂ ಪಟ್ಟಿ ಅಂಟ್ಸೀನಿ ನೋಡು!"

ಅಕ್ಷರಗಳೆಲ್ಲ ಪಟ್ಟಿಯ ಕೆಳಗೆ ಮುಚ್ಚಿಹೋಗಿದ್ದವು. ಗೋಡೆಗೆ ಒರಗಿದ್ದ ಹದಿನಾರು ಬಾಗಿಲೂ ಅವನಿಗೆ ಒಂದೇ ಕೆಸರು ಬಣ್ಣ. ಸೋಮಣ್ಣನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ನಾಳೆ ಕೂಲಿಗೆ ನಿಲ್ಲುವ ಅಡ್ಡೆಯ ಬಡಿಗರಿಗೆಲ್ಲ ಸುದ್ದಿ. ಕುರುಡನಿಗೆ ಕೆಲಸ ಕೊಡುವವರು ಯಾರು? ಸೋಮಣ್ಣನನ್ನು ಡ್ರಾಯರು ಜೋಡಿಸಲು ಬಾಲ್ಕನಿಗೆ ಕಳಿಸಿ, ಬಾಗಿಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದ. ಸ್ಕ್ರೂ ಎರಡು ಸಲ ಜಾರಿತು. ಕೊನೆಗೆ ಊಹೆಯ ಮೇಲೆ ಕೂರಿಸಿದ. ಲಿಫ್ಟಿನ ಸದ್ದಾದಾಗಲೆಲ್ಲ ಹೊರಬಾಗಿಲ ಕಡೆ ತಿರುಗಿ ನೋಡುತ್ತಿದ್ದ.

ನಾಲ್ಕು ಗಂಟೆಗೆ ನಳಿನಿ ಗುತ್ತಿಗೆದಾರ ಗೋಪಿನಾಥನ ಜೊತೆ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. "ಇದೇನ್ರೀ ಹೀಗೆ! ನಾನು ಕೊಟ್ಟಿದ್ದೇನು, ನೀವು ಮಾಡಿರೋದೇನು?"

ಗೋಪಿನಾಥ ನೇರ ಸೋಮಣ್ಣನ ಮೇಲೆ ಎರಗಿದ. ಹಿಂದಿನ ತಿಂಗಳು ಸೋಮಣ್ಣ ಒಮ್ಮೆ ಕುಡಿದು ಬಂದಿದ್ದ. "ಮತ್ತೆ ಕುಡಿದಿದ್ದೀಯಾ? ಸಾಮಾನು ಕಟ್ಟು. ನಾಳೆಯಿಂದ ಬರಬೇಡ."

"ಇಲ್ರೀ, ನಾ ಬಾಗಿಲಾ ಕೂಡಿಸೇ ಇಲ್ರಿ," ಎಂದು ಸೋಮಣ್ಣ ಭೀಮಾಶಂಕರನ ಕಡೆ ನೋಡಿದ.

ಸುಮ್ಮನಿದ್ದರೆ ತಾನು ಉಳಿಯುತ್ತೇನೆ ಎಂಬುದು ಭೀಮಾಶಂಕರನಿಗೆ ಗೊತ್ತಿತ್ತು. ಅದೇ ಇನ್ನೂ ಹೆದರಿಸಿತು. ಸೋಮಣ್ಣ ಉಳಿಯನ್ನು ಚೀಲಕ್ಕೆ ಹಾಕಿದ, ಸುತ್ತಿಗೆ ಹಾಕಿದ.

"ಅಂವಂದೇನೂ ತಪ್ಪಿಲ್ರಿ," ಎಂದ ಭೀಮಾಶಂಕರ. "ನಾನೇ ಕೂಡಿಸೀನಿ. ನನಗ ಕೆಂಪು ಯಾವುದು, ಹಸಿರು ಯಾವುದು ತಿಳ್ಯಂಗಿಲ್ರಿ. ಹುಟ್ಟಿದಾಗಿಂದ."

ನಳಿನಿಯ ಸಿಟ್ಟು ಇಳಿದಿರಲಿಲ್ಲ. ಆದರೂ ಅವನ ಕೈಯಿಂದ ಗ್ರಾಫ್ ಹಾಳೆ ಕಿತ್ತುಕೊಂಡು ಪೆನ್ನಿನಿಂದ ಒಂದೊಂದೇ ಚೌಕಕ್ಕೆ ನಂಬರು ಹಾಕತೊಡಗಿದಳು. "ಮೊದಲೇ ಹೇಳಬಾರದಿತ್ತಾ? ಹಾಕಿ ಕೊಡ್ತಿದ್ನಲ್ಲ."

ಮರುದಿನ ಸೋಮಣ್ಣ ಬಣ್ಣ ಹೇಳಿದ, ಇವನು ಬಾಗಿಲು ಬದಲಿಸಿದ. ಒಂದು ಬಾಗಿಲಿನ ಸ್ಕ್ರೂ ತೂತು ಒಡೆದು, ಅದನ್ನು ಹೊಸದಾಗಿ ಮಾಡಬೇಕಾಯಿತು. ಗೋಪಿನಾಥ ಮುಂದೆ ಅವನಿಗೆ ಬಾಗಿಲಿನ ಕೆಲಸ ಕೊಡಲಿಲ್ಲ, ಒಳಗಿನ ಚೌಕಟ್ಟಷ್ಟೇ ಕೊಟ್ಟ. ಗಂಗಾಳಿಗೆ ಹೇಳಿದಾಗ ಅವಳು ಎರಡು ದಿನ ಮಾತು ಬಿಟ್ಟಳು. ಕಣ್ಣಿನ ದೋಷಕ್ಕಲ್ಲ, ಹನ್ನೊಂದು ವರ್ಷ ಮುಚ್ಚಿಟ್ಟಿದ್ದಕ್ಕೆ.

ಈಗ ಭೀಮಾಶಂಕರ ಹೊಸ ಮನೆಗೆ ಹೋದರೆ ಅಳತೆಪಟ್ಟಿ ಬಿಚ್ಚುವ ಮೊದಲೇ ತನ್ನ ಕಣ್ಣಿನ ವಿಷಯ ಹೇಳುತ್ತಾನೆ. ಕೆಲವರು ಬೇಡ ಎನ್ನುತ್ತಾರೆ. ಒಪ್ಪಿದವರಿಂದ ಹಾಳೆಯ ಮೇಲೆ ನಂಬರು ಬರೆಸಿಕೊಂಡೇ ಕೆಲಸ ಶುರು ಮಾಡುತ್ತಾನೆ.