ಊಟದ ಮನೆಯ ಚಿಲಕ

ಚಿಲಕ ಹಾಕಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕತೆ ಹೇಳುವ ನಮ್ಮ ನೆಂಟರೆಲ್ಲ ಆ ಭಾಗವನ್ನು ಬಿಟ್ಟು, ನಾನು ಬೆಂಕಿಗೆ ಹಾರಿ ಜನರನ್ನು ಉಳಿಸಿದೆ ಎಂದು ಮಾಡಿಬಿಟ್ಟಿದ್ದಾರೆ. ನಾನು ಬೆಂಕಿಯನ್ನು ನೋಡಲೇ ಇಲ್ಲ. ನೋಡಿದ್ದು ಹೊಗೆ, ಒಂದು ಬಾಗಿಲು, ಮತ್ತು ಹಸಿದ ನೆಂಟರ ಬೆನ್ನುಗಳು.

ನಾನು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಸೇಫ್ಟಿ ನೋಡಿಕೊಳ್ಳಲು ಒಬ್ಬರು ಬೇಕೆಂದು ಮ್ಯಾನೇಜರು ನನ್ನನ್ನೇ ಓದಲು ಕಳಿಸಿದ್ದರಿಂದ, ಮೂವತ್ತೆಂಟನೆಯ ವಯಸ್ಸಿನಲ್ಲಿ ಪ್ರತಿ ಭಾನುವಾರ ನಜರ್‌ಬಾದಿನ ಒಂದು ಮಹಡಿ ಕೋಣೆಯಲ್ಲಿ ಅಗ್ನಿ ಸುರಕ್ಷತೆಯ ಪಾಠ ಕೇಳುತ್ತಿದ್ದೆ. ಆ ಕೋಣೆಗೆ ಒಂದೇ ಕಿರಿದಾದ ಮೆಟ್ಟಿಲು, ಅದರ ತುಂಬ ಚಪ್ಪಲಿ. ಮೇಷ್ಟ್ರು ಫೈರ್ ಸರ್ವಿಸಿನಿಂದ ನಿವೃತ್ತರಾದವರು. ಮೊದಲ ದಿನ ಆ ಚಪ್ಪಲಿ ರಾಶಿ ತೋರಿಸಿ, "ಓಡೋ ದಾರೀಲಿ ಇವನ್ನಿಟ್ಟಿದೀರಿ. ಇದೇ ಮೊದಲನೇ ಪಾಠ," ಅಂದರು. ಮುಂದಿನ ವಾರವೂ ಚಪ್ಪಲಿಗಳು ಅಲ್ಲೇ ಇದ್ದವು, ಅವರದೂ ಸೇರಿ.

ನಮ್ಮತ್ತೆಗೆ ಇದೆಲ್ಲ ತಮಾಷೆ. ಒಂಟಿಕೊಪ್ಪಲಿನ ನಮ್ಮ ಮನೆಗೆ ಯಾರೇ ಬರಲಿ, "ನಮ್ ಸೊಸೆ ಬೆಂಕಿ ಕಾಲೇಜಿಗೆ ಹೋಗ್ತಾಳೆ ಕಣ್ರೀ. ಮನೇಲಿ ಒಗ್ಗರಣೆ ಸೀಯಿಸ್ತಾಳೆ, ಅಲ್ಲಿ ಫಸ್ಟ್ ಕ್ಲಾಸು," ಎನ್ನುತ್ತಿದ್ದರು. ಎರಡೂ ನಿಜ. ತುರ್ತು ಬಾಗಿಲುಗಳ ಬಗ್ಗೆ ನಡೆದ ಪರೀಕ್ಷೆಯಲ್ಲಿ ತರಗತಿಗೆಲ್ಲ ನನಗೇ ಹೆಚ್ಚು ಅಂಕ.

ಅದಾದ ಎರಡು ವಾರಕ್ಕೆ ಬೋಗಾದಿಯ ಒಂದು ಛತ್ರದಲ್ಲಿ ನನ್ನ ದೊಡ್ಡಪ್ಪನ ಮಗಳ ಮದುವೆ. ಊಟದ ಮನೆ ನೆಲಮಾಳಿಗೆಯಲ್ಲಿ. ಅದಕ್ಕೆ ಎರಡು ಬಾಗಿಲು: ಒಂದು ಅಡುಗೆಮನೆಯೊಳಕ್ಕೆ, ಇನ್ನೊಂದು ಜನ ಇಳಿದು ಬರುವ ಮೆಟ್ಟಿಲಿಗೆ. ನಮ್ಮ ಮದುವೆಗಳ ಊಟ ಗೊತ್ತಲ್ಲ. ಮೊದಲ ಪಂಕ್ತಿಗೆ ಅನ್ನ ಬೀಳುವ ಹೊತ್ತಿಗೆ ಎರಡನೇ ಪಂಕ್ತಿಯವರು ಬಂದು ಒಂದೊಂದು ಕುರ್ಚಿಯ ಬೆನ್ನು ಹಿಡಿದು ನಿಂತು, ಉಣ್ಣುವವರು ಯಾವಾಗ ಮಜ್ಜಿಗೆಗೆ ಬರುತ್ತಾರೋ ಎಂದು ಎಲೆಯನ್ನೇ ನೋಡುತ್ತಿರುತ್ತಾರೆ. ಅದನ್ನು ತಡೆಯಲು ಮೆಟ್ಟಿಲ ಕಡೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು ಅಲ್ಲಿಯ ರೂಢಿ.

"ಬಾಗ್ಲು ನೀನು ನೋಡ್ಕೊ ಇಂಜಿನಿಯರಮ್ಮ," ಎಂದರು ದೊಡ್ಡಪ್ಪ. "ಬೇರೆಯೋರಾದ್ರೆ ಮುಲಾಜಿಗೆ ಬಿಟ್‌ಬುಡ್ತಾರೆ. ನಿಂಗೆ ಮುಖ ಗಂಟಿಕ್ಕೋದು ಚೆನ್ನಾಗಿ ಬರುತ್ತೆ."

ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಅವರನ್ನು ಮೊದಲ ಪಂಕ್ತಿಯಲ್ಲಿ ಬಾಗಿಲ ಪಕ್ಕದಲ್ಲೇ ಕೂರಿಸಿದೆ. "ಅತ್ತೆ, ನಿಧಾನಕ್ಕೆ ಊಟ ಮಾಡಿ," ಎಂದು ಹೇಳಿ ಬಾಗಿಲು ದೂಡಿ ಚಿಲಕ ಹಾಕಿದೆ. ಹೆಚ್ಚು ಅಂಕ ತೆಗೆದ ಅದೇ ಕೈ. ಆಮೇಲೆ ಗಂಟಿಕ್ಕಿದ ಮುಖದಲ್ಲಿ ಹತ್ತು ನಿಮಿಷ ನಿಂತೆ. ಅಷ್ಟರಲ್ಲಿ ಫೋಟೋಗೆ ಬಾ ಎಂದು ಮೇಲಿನಿಂದ ಕರೆದರು, ಹೋಗಿಬಿಟ್ಟೆ.

ಮಂಟಪದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದಾಗ ಸೀದ ಎಣ್ಣೆಯ ವಾಸನೆ ಬಂತು. ನನ್ನ ಒಗ್ಗರಣೆಯ ವಾಸನೆಯಲ್ಲ, ಅದಕ್ಕಿಂತ ದೊಡ್ಡದು. ಅಡುಗೆಮನೆಯಲ್ಲಿ ಬೋಂಡದ ಬಾಣಲೆಗೆ ಬೆಂಕಿ ಹತ್ತಿತ್ತು, ಯಾರೋ ಗಾಬರಿಯಲ್ಲಿ ಅದಕ್ಕೆ ನೀರು ಸುರಿದಿದ್ದರು ಎಂದು ಗೊತ್ತಾದದ್ದು ಆಮೇಲೆ. ಫೋಟೋದವನು "ಇನ್ನೊಂದ್ಸಲ, ಅಕ್ಕ ಸ್ಮೈಲ್," ಎನ್ನುತ್ತಿದ್ದ. ಆ ಫೋಟೋ ಆಲ್ಬಮ್ಮಿನಲ್ಲಿದೆ. ನಾನಿರಬೇಕಾದ ಜಾಗದಲ್ಲಿ ಸೀರೆಯ ಸೆರಗು ಮಾತ್ರ ಇದೆ.

ಮೆಟ್ಟಿಲ ತುಂಬ ಎರಡನೇ ಪಂಕ್ತಿಯವರು ಒತ್ತಿಕೊಂಡು ನಿಂತಿದ್ದರು. ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಶಾಸ್ತ್ರದ ಪ್ರಕಾರ ಬಹಳ ಸರಿ. ಆದರೆ ಅದಕ್ಕೆ ಮೈ ಆನಿಸಿ ಹತ್ತಾರು ಜನ ನಿಂತರೆ ಶಾಸ್ತ್ರ ಏನು ಮಾಡೀತು? ಒಳಗಿನಿಂದ ದಬದಬ ಬಡಿಯುತ್ತಿದ್ದರು.

"ತಟ್ತಾವ್ರೆ ಕಣ್ರೀ, ಅವ್ರ್ದು ಮುಗೀತು!" ಎಂದಿತು ಒಂದು ದನಿ. ಎಲ್ಲರೂ ಇನ್ನೊಂದು ಮೆಟ್ಟಿಲು ಕೆಳಗಿಳಿದು ಬಾಗಿಲಿಗೆ ಇನ್ನಷ್ಟು ಒತ್ತಿದರು, ಮುಂದಿದ್ದವರಿಗೆ ಚಿಲಕ ತೆಗೆಯಲೂ ಕೈಯಾಡದಂತಾಯಿತು. ಬಾಗಿಲು ತೆರೆದ ಕೂಡಲೇ ಕುರ್ಚಿ ಹಿಡಿಯಬೇಕಲ್ಲ.

"ಬೆಂಕಿ! ದಾರಿ ಬಿಡಿ!" ಎಂದು ಕೂಗಿದೆ.

"ನಮ್ ಹೊಟ್ಟೇಲೂ ಬೆಂಕಿ ಬಿದ್ದೈತೆ, ಲೈನಲ್ಲಿ ಬಾರಮ್ಮ," ಎಂದರು ರೇಷ್ಮೆ ಪಂಚೆಯ ಒಬ್ಬರು.

ಓದಿದ್ದೆಲ್ಲ ಆ ಕ್ಷಣಕ್ಕೆ ಆವಿಯಾಗಿತ್ತು. ತಲೆಯಲ್ಲಿದ್ದದ್ದು ಇಷ್ಟೇ: ಅತ್ತೆಯ ಮಂಡಿ ನೋವು, ಅವರು ಎದ್ದು ನಿಲ್ಲಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎನ್ನುವುದು. ಬಾಯಿಂದ ತಾನಾಗಿ ಹೊರಬಿತ್ತು: "ಎರಡನೇ ಪಂಕ್ತಿ ಹೊರಗಡೆ ಶಾಮಿಯಾನದಲ್ಲಿ! ಆಗ್ಲೇ ಎಲೆ ಹಾಕ್ತಾವ್ರೆ!"

ಮೆಟ್ಟಿಲು ಖಾಲಿಯಾದ ವೇಗವನ್ನು ಯಾವ ಅಣಕು ಕಾರ್ಯಾಚರಣೆಯಲ್ಲೂ ನಾನು ಕಂಡಿಲ್ಲ. ನನ್ನ ಕಾಲು ತುಳಿದು, ಭುಜ ತಳ್ಳಿ, ಒಬ್ಬರಿಗಿಂತ ಒಬ್ಬರು ಮುಂದಾಗಿ ಬಯಲಿಗೆ ಓಡಿದರು. ನಾನು ಚಿಲಕ ತೆಗೆದೆ. ಕಪ್ಪು ಹೊಗೆ, ಅದರ ಹಿಂದೆ ಕೆಮ್ಮುತ್ತ ಜನ. ಕೆಲವರ ಕೈಯಲ್ಲಿ ಇನ್ನೂ ಹೋಳಿಗೆ. ಎಲ್ಲರಿಗಿಂತ ಕೊನೆಯಲ್ಲಿ ಅತ್ತೆ, ಗೋಡೆ ಹಿಡಿದುಕೊಂಡು. ಬಾಗಿಲ ಪಕ್ಕದಲ್ಲೇ ಕೂತಿದ್ದವರು ಎಲ್ಲರನ್ನೂ ಮುಂದೆ ಬಿಟ್ಟಿದ್ದರು.

"ಯಾಕೆ ಇಷ್ಟು ಹೊತ್ತು?" ಎಂದು ಕಿರುಚಿದೆ.

"ನನ್ನ ಕೇಳ್ತೀಯಾ?" ಅಂದರು.

ಅಷ್ಟರಲ್ಲಿ ಅಡುಗೆಯವರು ಸಿಲಿಂಡರ್ ಬಂದ್ ಮಾಡಿ, ಬಾಣಲೆಗೆ ಮುಚ್ಚಳ ಹಾಕಿ ಬೆಂಕಿ ಆರಿಸಿದ್ದರು. ಬಡಿಸುವವರೊಬ್ಬರ ಕೈ ಸುಟ್ಟಿತ್ತು. ಮತ್ಯಾರಿಗೂ ಏನೂ ಆಗಲಿಲ್ಲ. ಗಂಡಿನ ಕಡೆಯ ಹಿರಿಯರು ಮಾತ್ರ, "ಯಾವನ್ರೀ ಚಿಲಕ ಹಾಕ್ದೋನು?" ಎಂದು ಕೂಗಾಡಿದರು. ದೊಡ್ಡಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಛತ್ರದ ವಾಚ್‌ಮನ್ ಇರ್ಬೇಕು," ಅಂದರು ದೊಡ್ಡಪ್ಪ. ನಾನು ಅತ್ತೆಗೆ ನೀರು ತರಲು ಹೋದೆ.

ಭಾನುವಾರ ತರಗತಿಯಲ್ಲಿ ಶಾಮಿಯಾನದ ಸುಳ್ಳಿಗೆ ಚಪ್ಪಾಳೆ ಬಿತ್ತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಚಿಲಕ ಹಾಕಿದ್ದು ಯಾರು?"

"ವಾಚ್‌ಮನ್ ಸರ್." ಎಷ್ಟು ಸಲೀಸಾಗಿ ಬಂತು ಆ ಮಾತು.

ಮನೆಗೆ ಬಂದರೆ ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. "ನಿಮ್ ದೊಡ್ಡಪ್ಪ ಫೋನ್ ಮಾಡಿದ್ರು. ಆ ವಾಚ್‌ಮನ್ನ ಕೆಲಸದಿಂದ ತೆಗೀತಾರಂತೆ," ಅಂದರು.

ನಾನೂ ಕೂತು ಒಂದು ಹುರುಳಿಕಾಯಿ ಕೈಗೆತ್ತಿಕೊಂಡೆ.

"ನಾನು ಬಾಗ್ಲ ಪಕ್ಕದಲ್ಲೇ ಕೂತಿದ್ದೆ ಕಣಮ್ಮ. 'ಅತ್ತೆ, ನಿಧಾನಕ್ಕೆ ಊಟ ಮಾಡಿ' ಅಂದ್ಬುಟ್ಟು ಚಿಲಕ ಹಾಕಿದ್ದು ಕೇಳಿಸ್ತು. ಆ ವಾಚ್‌ಮನ್ನಿಗೂ ನಾನು ಅತ್ತೇನಾ?"

ಮರುದಿನ ಅರ್ಧ ದಿನ ರಜೆ ಹಾಕಿ ಛತ್ರಕ್ಕೆ ಹೊರಟೆ. ಅತ್ತೆಯೂ ಬಂದರು, ನಾನು ಅರ್ಧ ದಾರಿಯಿಂದ ವಾಪಸ್ಸಾಗದಂತೆ ನೋಡಿಕೊಳ್ಳಲು. ಛತ್ರದ ಮ್ಯಾನೇಜರಿಗೆ ನಡೆದದ್ದು ಹೇಳಿದೆ. ಅವರ ಮುಖ ಅರಳಿತು. "ಅಂದ್ರೆ ನಮ್ ಛತ್ರದ್ದೇನೂ ತಪ್ಪಿಲ್ಲ?"

"ಹಾಕಿದ್ದು ನಾನು. ಹೊರಗಡೆ ಚಿಲಕ ಇಟ್ಟಿರೋದು ನೀವು. ಅದನ್ನ ಬಿಚ್ಚಿಸಿ, ವಾಚ್‌ಮನ್ನ ಕೆಲಸದಿಂದ ತೆಗೀಬೇಡಿ," ಎಂದು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದೆ. ಅವರು ತಲೆಯಾಡಿಸಿದ್ದು ಒಪ್ಪಿಯೋ, ಸ್ಕ್ರೂಡ್ರೈವರ್ ನೋಡಿಯೋ ತಿಳಿಯದು.

ವಾಚ್‌ಮನ್ ನನಗಿಂತ ಹಿರಿಯರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಗೊತ್ತಿತ್ತು ಬುಡಿ. ಎಲ್ಲಾ ಮದ್ವೇಲೂ ಯಾರಾದ್ರೂ ಒಬ್ರು ಹಾಕೇ ಹಾಕ್ತಾರೆ. ಬಯ್ಸ್ಕಳದು ಮಾತ್ರ ನಾನೇ," ಎಂದರು. ಮೂರು ಸ್ಕ್ರೂ ಸುಲಭವಾಗಿ ಬಂದವು. ತುಕ್ಕು ಹಿಡಿದ ನಾಲ್ಕನೆಯದಕ್ಕೆ ಅವರೇ ಕೊಬ್ಬರಿ ಎಣ್ಣೆ ತಂದು ಬಿಟ್ಟರು.

ಚಿಲಕ ಕೈಗೆ ಬಂದ ಮೇಲೆ ನಾನು ಖಾಲಿ ಊಟದ ಮನೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಇನ್ನೂ ಹೊಗೆಯ ನಾತವಿತ್ತು. ತಳ್ಳಿದೆ, ತೆರೆಯಿತು. ಮತ್ತೆ ಎಳೆದುಕೊಂಡೆ, ತಳ್ಳಿದೆ. ಮತ್ತೆ. ಎಷ್ಟು ಸಲವೋ ಲೆಕ್ಕ ಇಡಲಿಲ್ಲ.

"ಸಾಕು ಬಾರಮ್ಮ," ಅಂದರು ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ. "ತೆಗೆಯುತ್ತೆ ಅಂತ ಅದು ಆಗ್ಲಿಂದ ಹೇಳ್ತಾನೇ ಐತೆ."

ಇನ್ನೊಂದೇ ಸಲ ಎಂದು ಮತ್ತೆ ಎಳೆದುಕೊಂಡೆ.